ಹಿಂದಿನ ಸಾಲಿನ ಥಿನ್ ಕ್ಲೈಂಟ್‌ಗಳು ಕೈಕೊಡುತ್ತಿವೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ (ಕಾಲೇಜು ಲ್ಯಾಬ್ ಸಹಾಯಕ): ನಮಸ್ಕಾರ ಸರ್. ನಮ್ಮ ಲ್ಯಾಬ್‌ನಲ್ಲಿ 24 ಥಿನ್ ಕ್ಲೈಂಟ್‌ಗಳಿವೆ (ಸರ್ವರ್ ನಂಬಿ ನಡೆಯುವ ಸಣ್ಣ ಟರ್ಮಿನಲ್‌ಗಳು). ಹಾರ್ಡ್ ಡಿಸ್ಕ್ ಇಲ್ಲ. ಉಬುಂಟು ಸರ್ವರ್‌ನಿಂದ ಎಲ್‌ಟಿಎಸ್‌ಪಿ 5 ಎಂಬ ತಂತ್ರಾಂಶದ ಮೂಲಕ ಬೂಟ್ ಆಗುತ್ತವೆ. ರಜೆಯಲ್ಲಿ ಹಿಂದಿನ ಸಾಲಿಗೆ ಹೊಸ ಮ್ಯಾನೇಜ್ಡ್ ಸ್ವಿಚ್ ಹಾಕಿದರು, ಕೇಬಲ್ಲೂ ಹೊಸದು. ಆವಾಗಿನಿಂದ ಆ ಸಾಲು ಪೂರ್ತಿ ತಕರಾರು. ಆನ್ ಮಾಡಿದರೆ ‘ಪಿಎಕ್ಸ್‌ಇ-ಇ51’ ಅಂತ ನಿಲ್ಲುತ್ತವೆ. ಆಫ್ ಮಾಡದೆ ಮತ್ತೊಮ್ಮೆ ನೆಟ್‌ವರ್ಕ್ ಬೂಟ್ ಕೊಟ್ಟರೆ ಬರುತ್ತವೆ. ಒಂದರಲ್ಲಿ ಲಾಗಿನ್ ಪರದೆ ಬರುವ ಹೊತ್ತಿಗೆ ‘ಔಟ್ ಆಫ್ ರೇಂಜ್’ ಅಂತ ಕಪ್ಪಾಗುತ್ತದೆ. ಇನ್ನೊಂದು ಬೂಟ್ ಆದರೂ ಸಿಕ್ಕಾಪಟ್ಟೆ ನಿಧಾನ. ಮಾರಿದವರನ್ನು ಕೇಳಿದರೆ ಟರ್ಮಿನಲ್ ಹಳೆಯದಾಯಿತು, ಹೊಸದು ತಗೊಳ್ಳಿ ಅಂತಾರೆ.

ಉತ್ತರ (ಸಿಸ್ಟಮ್ ಅಡ್ಮಿನ್): ಈಗಲೇ ತಗೊಳ್ಳಬೇಡಿ. ನೀವು ಬರೆದದ್ದು ಮೂರು ಬೇರೆ ಬೇರೆ ತೊಂದರೆ. ಒಂದೇ ಸಾಲಿನಲ್ಲಿ ಬಂದದ್ದರಿಂದ ಒಂದೇ ಅನ್ನಿಸುತ್ತಿದೆ ಅಷ್ಟೆ.

ಪರದೆಯ ಮೇಲಿನ ಮಾತು ಯಾರದ್ದು ಅಂತ ಮೊದಲು ನೋಡಿ. ‘ಪಿಎಕ್ಸ್‌ಇ’ ಅಂತ ಶುರುವಾದರೆ ಅದು ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ನೆಟ್‌ವರ್ಕ್ ಕಾರ್ಡಿನದು. ‘ಔಟ್ ಆಫ್ ರೇಂಜ್’ ಮಾನಿಟರಿನದು, ನೆಟ್‌ವರ್ಕಿಗೂ ಅದಕ್ಕೂ ಸಂಬಂಧವಿಲ್ಲ. ಲಾಗಿನ್ ಪರದೆ ಕಂಡಿತು ಅಂದರೆ ಸರ್ವರ್‌ವರೆಗೆ ದಾರಿ ಇದೆ.

ಇ51 ಅಂದರೆ ಡಿಎಚ್‌ಸಿಪಿಯಿಂದ (ಮೆಷಿನ್‌ಗೆ ನೆಟ್‌ವರ್ಕ್ ವಿಳಾಸ ಕೊಡುವ ಸೇವೆ) ಉತ್ತರ ಬರಲಿಲ್ಲ. ಇ61 ಬಂದಿದ್ದರೆ ಕೇಬಲ್ ನೋಡಿ ಅನ್ನುತ್ತಿದ್ದೆ. ಇ53 ಆದರೆ ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ. ಇ32 ಆದರೆ ಬೂಟ್ ಫೈಲು ಕಳಿಸುವ ಟಿಎಫ್‌ಟಿಪಿ ಸರ್ವರ್ ಸುಮ್ಮನಿದೆ. ನಿಮ್ಮಲ್ಲಿ ಎರಡನೇ ಸಲ ಕೊಟ್ಟರೆ ಬರುತ್ತದೆ ಅಂದರಲ್ಲ, ನನ್ನ ಅನುಮಾನ ಹೊಸ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ಮೇಲೆ (ಕೇಬಲ್ ಸುತ್ತು ಬಿದ್ದು ನೆಟ್‌ವರ್ಕ್ ಕೆಡದಂತೆ ಕಾಯುವ ವ್ಯವಸ್ಥೆ). ಪೋರ್ಟಿಗೆ ಲಿಂಕ್ ಬಂದ ಮೇಲೆ 15 ಸೆಕೆಂಡು ಕೇಳಿಸಿಕೊಳ್ಳುತ್ತದೆ, ಇನ್ನು 15 ಸೆಕೆಂಡು ಕಲಿಯುತ್ತದೆ. ಆಮೇಲೆಯೇ ಡೇಟಾ ಬಿಡುವುದು. ಅಷ್ಟರಲ್ಲಿ ಟರ್ಮಿನಲ್ ಕಾದು ಕೈಬಿಟ್ಟಿರುತ್ತದೆ. ಟರ್ಮಿನಲ್‌ಗಳಿರುವ ಪೋರ್ಟುಗಳನ್ನು ‘ಎಡ್ಜ್ ಪೋರ್ಟ್’ ಮಾಡಿ, ಆಗ ಈ ಕಾಯುವಿಕೆ ಇರುವುದಿಲ್ಲ. ಕೆಲವು ಸ್ವಿಚ್‌ಗಳಲ್ಲಿ ಅದಕ್ಕೆ ‘ಪೋರ್ಟ್‌ಫಾಸ್ಟ್’ ಅಂತಿರುತ್ತದೆ. ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆಫ್ ಮಾಡಬೇಡಿ. ಯಾರೋ ಒಬ್ಬ ಹುಡುಗ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಇಡೀ ಲ್ಯಾಬ್ ಮಲಗುತ್ತದೆ.

ಔಟ್ ಆಫ್ ರೇಂಜ್ ಬರುವ ಮೆಷಿನ್‌ಗೆ ಇತ್ತೀಚೆಗೆ ಮಾನಿಟರ್ ಬದಲಾಯಿಸಿದ್ದೀರಾ? ಬೂಟ್ ಹೊತ್ತಿನ ಅಕ್ಷರಗಳು ಸಾಮಾನ್ಯವಾಗಿ 720×400ರಲ್ಲಿ ಬರುತ್ತವೆ, ಅದನ್ನು ಎಂಥ ಮಾನಿಟರೂ ತೋರಿಸುತ್ತದೆ. ಗ್ರಾಫಿಕ್ಸ್ ಶುರುವಾದಾಗ ಅದರ ಮಿತಿ ಮೀರಿದ ರೆಸಲ್ಯೂಶನ್ ಹೋಗುತ್ತಿರಬೇಕು. ವಿಜಿಎ ಕೇಬಲ್ ಕಳಪೆಯಾಗಿ ಮಾನಿಟರಿನ ಮಾಹಿತಿ ಟರ್ಮಿನಲ್‌ಗೆ ತಲುಪದಿದ್ದರೆ ಸಾಮಾನ್ಯವಾಗಿ ಉಲ್ಟಾ ಆಗುತ್ತದೆ: 1024×768ಕ್ಕೆ ಇಳಿದು ಅಕ್ಷರ ಮಸುಕಾಗುತ್ತದೆ. ಹಾಗಾಗಿ ಸರ್ವರ್‌ನ ‘ಎಲ್‌ಟಿಎಸ್ ಡಾಟ್ ಕಾನ್ಫ್’ ಸೆಟ್ಟಿಂಗ್ ಫೈಲು ತೆಗೆದು, ಆ ಟರ್ಮಿನಲ್ಲಿನ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತು ಸಂಖ್ಯೆ) ಕೆಳಗೆ ಯಾರಾದರೂ ರೆಸಲ್ಯೂಶನ್ ಬರೆದಿಟ್ಟಿದ್ದಾರಾ ನೋಡಿ.

ನಿಧಾನದ ಮೆಷಿನ್‌ಗೆ ಒಂದು ಪರೀಕ್ಷೆ. ಮೌಸ್ ಬಾಣ ಸಲೀಸಾಗಿ ಓಡಿ, ವಿಂಡೋ ಮಾತ್ರ ತಡವರಿಸುತ್ತದಾ? ಬಾಣವನ್ನು ಬಿಡಿಸುವುದು ಟರ್ಮಿನಲ್ಲೇ, ವಿಂಡೋದ ಒಳಗಿನದು ಬರುವುದು ತಂತಿಯಲ್ಲಿ. ಬಾಣವೂ ಸಿಕ್ಕಿಕೊಂಡರೆ ಟರ್ಮಿನಲ್ ನೋಡಿ, ಇಲ್ಲದಿದ್ದರೆ ತಂತಿಯನ್ನೋ ಸರ್ವರನ್ನೋ. ನಿಧಾನ ಇರುವುದು ಒಂದೇ ಮೆಷಿನ್ ಆದ್ದರಿಂದ ಸರ್ವರ್ ಬಿಡಿ. 1472 ಬೈಟಿನ ದೊಡ್ಡ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷಾ ಪ್ಯಾಕೆಟ್) ಕಳಿಸಿ ನೋಡಿ.

ಅದೇ ಸಹಾಯಕ: ಸರ್, ಎಡ್ಜ್ ಪೋರ್ಟ್ ಮಾಡಿದ ತಕ್ಷಣ ಇ51 ಹೋಯಿತು! ಮಾನಿಟರ್ ಬದಲಾಗಿದ್ದೂ ನಿಜ. ಮೊದಲಿದ್ದ ದೊಡ್ಡದಕ್ಕೆ 1920×1080 ಅಂತ ಬರೆದಿಟ್ಟಿದ್ದರು, ಆ ಸಾಲು ತೆಗೆದೆ. ನಿಧಾನದ ಮೆಷಿನ್‌ನಲ್ಲಿ ಬಾಣ ಚೆನ್ನಾಗಿ ಓಡುತ್ತದೆ. ಸಣ್ಣ ಪಿಂಗ್ ಹೆಚ್ಚುಕಡಿಮೆ ಸರಿ, ದೊಡ್ಡದು ಆಗಾಗ ಕಳೆದುಹೋಗುತ್ತದೆ. ಆದರೆ ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ದೀಪ ಕ್ರಮವಾಗಿ ಹತ್ತುತ್ತವೆ.

ಉತ್ತರ: ಆ ದೀಪದ ಟೆಸ್ಟರ್ ಹೇಳುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆ ಅಂತ ಮಾತ್ರ. ಕನೆಕ್ಟರ್ ಹತ್ತಿರ ಹಿಡಿದು ಬಣ್ಣ ನೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಅಂತ ಇರಬೇಕು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುತ್ತದೆ, ಅದೇ ಮುಖ್ಯ. ಹೊಸಬರು ಕ್ರಿಂಪ್ ಮಾಡುವಾಗ (ಕನೆಕ್ಟರ್ ಒತ್ತಿ ಕೂರಿಸುವಾಗ) ಜೋಡಿ ಜೋಡಿಯಾಗಿ ಸುಮ್ನೆ ಸಾಲಾಗಿ ತುಂಬಿಬಿಡುತ್ತಾರೆ. ಎರಡೂ ತುದಿಯಲ್ಲಿ ಅದೇ ತಪ್ಪಾದರೆ ಟೆಸ್ಟರ್ ಖುಷಿಯಾಗಿ ಹಸಿರು ತೋರಿಸುತ್ತದೆ. ಆದರೆ 3 ಮತ್ತು 6ನೇ ಪಿನ್ ಒಂದೇ ಹೊಸೆದ ಜೋಡಿಯಲ್ಲಿ ಇರುವುದಿಲ್ಲ, ಪಕ್ಕದ ಸಿಗ್ನಲ್ ಅದಕ್ಕೆ ಹತ್ತುತ್ತದೆ. ಲಿಂಕ್ ದೀಪ ಉರಿಯುತ್ತದೆ, ಪ್ಯಾಕೆಟ್ ಸಾಯುತ್ತದೆ. ಎರಡೂ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ.

ಇನ್ನೊಬ್ಬರು (ಎಂಟೆಕ್ ವಿದ್ಯಾರ್ಥಿನಿ): ಸರ್, ನಾನು ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ), ಅಲ್ಲಿನ ವಿಂಡೋ ನನ್ನ ಪರದೆಗೆ ಬರಲಿ ಅಂತ ದೊಡ್ಡ ಎಕ್ಸ್ ಆಪ್ಷನ್ ಕೊಟ್ಟು ಲ್ಯಾಬ್ ಸರ್ವರ್‌ಗೆ ಹೋಗುತ್ತೇನೆ. ಪ್ರೋಗ್ರಾಂ ತೆರೆಯುತ್ತದೆ. ಆದರೆ ಅಲ್ಲಿಂದ ‘ಎಸ್‌ಯು’ ಮಾಡಿ ಬೇರೆ ಯೂಸರ್ ಆದರೆ ‘ಕ್ಯಾನಾಟ್ ಓಪನ್ ಡಿಸ್‌ಪ್ಲೇ’. ‘ಎಕ್ಸ್‌ಹೋಸ್ಟ್ ಪ್ಲಸ್’ ಹಾಕು ಅಂತ ಗೆಳೆಯರು ಹೇಳಿದರು.

ಉತ್ತರ: ದಯವಿಟ್ಟು ಹಾಕಬೇಡಿ. ಆ ಆಜ್ಞೆ ಯಾರು ಬೇಕಾದರೂ ನಿಮ್ಮ ಪರದೆಗೆ ಸೇರಿಕೊಳ್ಳಲಿ ಅನ್ನುತ್ತದೆ. ಸೇರಿಕೊಂಡವರು ನೀವು ಒತ್ತುವ ಕೀಲಿಗಳನ್ನೂ ಓದಬಹುದು, ಪಾಸ್‌ವರ್ಡ್ ಸಮೇತ.

ನಿಮ್ಮ ಪರದೆಗೆ ಬರೆಯಲು ಒಂದು ಗುಟ್ಟಿನ ಕುಕಿ ಬೇಕು. ಅದು ನೀವು ಲಾಗಿನ್ ಆದ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ ‘ಎಕ್ಸ್‌ಅಥಾರಿಟಿ’ ಫೈಲಿನಲ್ಲಿರುತ್ತದೆ. ಯೂಸರ್ ಬದಲಾದರೆ ಕುಕಿ ಸಿಗುವುದಿಲ್ಲ. ಆ ಇನ್ನೊಂದು ಯೂಸರ್ ಹೆಸರಲ್ಲೇ ನೇರವಾಗಿ ಎಸ್‌ಎಸ್‌ಎಚ್ ಮಾಡಿ. ಯಾವ ಪರದೆಗೆ ಬರೆಯಬೇಕು ಅಂತ ಹೇಳುವ ಡಿಸ್‌ಪ್ಲೇ ವೇರಿಯಬಲ್‌ಗೆ ಕೈಯಾರೆ ಏನೂ ಬರೆಯಬೇಡಿ. ಸರಿಯಾಗಿದ್ದರೆ ಅದೇ ‘ಲೋಕಲ್‌ಹೋಸ್ಟ್:10.0’ ಅಂತ ತೋರಿಸುತ್ತದೆ. ಆಮೇಲೂ ಬರದಿದ್ದರೆ ಸರ್ವರ್ ಡಿಸ್ಕ್ ತುಂಬಿದೆಯಾ ನೋಡಿ. ಜಾಗ ಇಲ್ಲದಿದ್ದರೆ ಕುಕಿ ಬರೆಯಲಾಗದೆ ಇದೇ ತೊಂದರೆ ಬರುತ್ತದೆ, ಜನ ಅದನ್ನು ಕೊನೆಗೆ ನೋಡುತ್ತಾರೆ.

ಸಹಾಯಕ: ಕೇಬಲ್ ನೀವು ಹೇಳಿದ ಹಾಗೇ ಇತ್ತು ಸರ್, ಕ್ರಿಂಪ್ ಮಾಡಿಸಿದೆ, ಈಗ ಸರಿ. ಇನ್ನೆರಡು ಕೇಳಿಬಿಡುತ್ತೇನೆ. ವಿಡಿಯೋ ಪೂರ್ತಿ ಪರದೆಗೆ ಹಾಕಿದರೆ ಎಲ್ಲ ಟರ್ಮಿನಲ್ಲಿನಲ್ಲೂ ಕುಂಟುತ್ತದೆ. ಮತ್ತೆ ಕನ್ನಡ ಅಕ್ಷರದ ಜಾಗದಲ್ಲಿ ಚೌಕ ಬರುತ್ತದೆ.

ಉತ್ತರ: ವಿಡಿಯೋಗೆ ಲೆಕ್ಕ ಹಾಕೋಣ. 1024×768 ಪರದೆ, ಪ್ರತಿ ಚುಕ್ಕೆಗೆ 4 ಬೈಟು, ಸೆಕೆಂಡಿಗೆ 25 ಚಿತ್ರ. ಸುಮಾರು 630 ಮೆಗಾಬಿಟ್ ಆಯಿತು. ನಿಮ್ಮ ಟರ್ಮಿನಲ್ 100 ಮೆಗಾಬಿಟ್‌ನದಾದರೆ ಆಗದ ಮಾತು. ಟರ್ಮಿನಲ್‌ಗಳಲ್ಲಿ 2 ಜಿಬಿ ರ‍್ಯಾಮ್ ಇದ್ದರೆ ಫ್ಯಾಟ್ ಕ್ಲೈಂಟ್ ಮಾಡಿ. ಆಗ ಪ್ರೋಗ್ರಾಂ ಅಲ್ಲೇ ಓಡುತ್ತದೆ, ಚಿತ್ರ ತಂತಿಯಲ್ಲಿ ಬರಬೇಕಿಲ್ಲ. ಇಲ್ಲದಿದ್ದರೆ ಚಿಕ್ಕ ವಿಂಡೋದಲ್ಲೇ ನೋಡಿ.

ಕನ್ನಡಕ್ಕೆ ಟರ್ಮಿನಲ್ ಮುಟ್ಟಬೇಡಿ. ಈಗಿನ ನಿಮ್ಮ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಓಡುವುದು ಸರ್ವರ್‌ನಲ್ಲಿ, ಫಾಂಟೂ ಅಲ್ಲೇ ಬೇಕು. ಉಬುಂಟುವಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಎಲ್ಲ ಬರುತ್ತವೆ. ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ. ಮುಂದೆ ಫ್ಯಾಟ್ ಕ್ಲೈಂಟ್ ಮಾಡಿದರೆ ಅದೇ ಪ್ಯಾಕೇಜನ್ನು ಬೂಟ್ ಇಮೇಜಿಗೂ ಸೇರಿಸಿ, ಇಮೇಜ್ ಮತ್ತೆ ಕಟ್ಟಬೇಕು.