ಎಂಜಿನ್ ಬ್ಲಾಕ್ ಮೇಲೆ ‘ಸಿ 14 9’ ಅಂತಿದೆ, ಇದು ಯಾವ ಇಸವಿಯದ್ದು?

ಹಳೇಗಾಡಿ:
ಷೆವ್ರೊಲೆ 350 ಸ್ಮಾಲ್ ಬ್ಲಾಕ್ (ವಿ8 ಎಂಜಿನ್) ಒಂದನ್ನು ಕೊಂಡಿದ್ದೇನೆ. ಗಾಡಿ ಇಲ್ಲ, ಕಾಗದ ಪತ್ರ ಇಲ್ಲ, ಬರೀ ಎಂಜಿನ್. ಮಾರಿದವರು 1969ರದ್ದು ಅಂತ ಆಣೆ ಮಾಡುವುದೊಂದೇ ಬಾಕಿ. ಹಿಂದುಗಡೆ ಗೇರ್‌ಬಾಕ್ಸ್ ಕೂರುವ ಅಂಚಿನಲ್ಲಿ, ಅಮೆರಿಕದ ಗಾಡಿಯಲ್ಲಿ ಡ್ರೈವರ್ ಕೂರುವ ಎಡಬದಿಗೆ 3970010 ಅಂತ ಉಬ್ಬಿದ ಅಕ್ಷರಗಳಿವೆ, ಬಲಬದಿಗೆ ಸಿ 14 9. ಆ 9 ಅಂದ್ರೆ 69 ತಾನೇ?

ಗ್ರೀಸ್‌ಕೈ:
ಅಷ್ಟು ಬೇಗ ಖುಷಿ ಪಡಬೇಡಿ. ಸಿ ಅಂದ್ರೆ ಮಾರ್ಚ್ (ಎ ಜನವರಿ, ಎಲ್ ಡಿಸೆಂಬರ್), 14 ತಾರೀಖು, 9 ಇಸವಿಯ ಕೊನೆಯ ಅಂಕಿ. ಆ ದಿನ ಎರಕ ಹೊಯ್ದರು ಅಂತ ಅರ್ಥ. ಆದರೆ ದಶಕ ಯಾವುದು ಅಂತ ಅದು ಹೇಳುವುದಿಲ್ಲ. ಎರಕದ ನಂಬರ್ ಬೇರೆ ಆಗಿದ್ದರೆ ಅದನ್ನೇ ನೋಡಿ ದಶಕ ಹೇಳಬಹುದಿತ್ತೇನೋ, ನಿಮ್ಮ 3970010 ಮಾತ್ರ 1969ರಲ್ಲೂ ಇತ್ತು, 1979ರಲ್ಲೂ ಬರುತ್ತಿತ್ತು. ಎರಡಕ್ಕೂ ಕೊನೆಗೆ ಅದೇ 9!

ಈಗ ಮುಂದುಗಡೆ ನೋಡಿ. ಬಲಗಡೆ ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕ್‌ನಲ್ಲಿ ಎರಡು ಬೆರಳಗಲದ ಸಪಾಟು ಜಾಗ ಇರುತ್ತದೆ, ಆಲ್ಟರ್ನೇಟರ್ ಇದ್ದರೆ ಅದರ ಹಿಂದೆ ಜಿಡ್ಡು ಹಿಡಿದು ಮುಚ್ಚಿಹೋಗಿರುತ್ತದೆ. ಅಲ್ಲಿ ಪಂಚ್ ಹೊಡೆದಿರುತ್ತಾರೆ: ಮೊದಲು ಕಾರ್ಖಾನೆಯ ಅಕ್ಷರ (ವಿ ಅಂದ್ರೆ ಫ್ಲಿಂಟ್), ಆಮೇಲೆ ಜೋಡಿಸಿದ ತಿಂಗಳು ತಾರೀಖು ನಾಲ್ಕು ಅಂಕಿಯಲ್ಲಿ, ಕೊನೆಗೆ ಅಕ್ಷರಗಳು. ಆ ಕೊನೆಯ ಅಕ್ಷರ ಎಷ್ಟಿವೆ ಎಣಿಸಿ. 1969ರ ತನಕ ಎರಡು, 1970ರಿಂದ ಮೂರು. ಮರಳು ಕಾಗದ ಮಾತ್ರ ಹಾಕಬೇಡಿ ಮಾರಾಯ್ರೇ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತವೆ.

ಫ್ಲಾಟ್‌ಹೆಡ್:
ನಂಬರ್ ನೋಡಿದರೆ ಇಸವಿ ಗೊತ್ತಾಗಬೇಕಲ್ವಾ? ಫೋರ್ಡ್‌ನಲ್ಲಿ ಸಿ8 ಅಂತ ಶುರುವಾದರೆ 1968 ಅಂತ ನಾನು ಓದುತ್ತಿದ್ದೆ.

ಗ್ರೀಸ್‌ಕೈ:
ಅದು ಫೋರ್ಡ್ ಲೆಕ್ಕ, ಇಲ್ಲಿಗೆ ಬರುವುದಿಲ್ಲ. ಅಲ್ಲೂ ಸಿ ಅಂದ್ರೆ 60ರ ದಶಕ, ಡಿ ಅಂದ್ರೆ 70ರದ್ದು, ಅದು ಭಾಗದ ವಿನ್ಯಾಸದ ಇಸವಿ. ಅದೇ ನಂಬರ್‌ನಲ್ಲಿ ಮುಂದಿನ ವರ್ಷಗಳಲ್ಲೂ ಎರಕ ಹೊಯ್ಯುತ್ತಾರೆ. ಫೋರ್ಡ್ ಬ್ಲಾಕ್ ಹೊಯ್ದ ದಿನ ಬೇಕಿದ್ದರೆ 9ಸಿ14 ಅನ್ನುವಂಥದ್ದನ್ನು ಹುಡುಕಬೇಕು, ಅಲ್ಲಿ ಇಸವಿಯ ಅಂಕಿ ಮೊದಲು ಬರುತ್ತದೆ. ತಿಂಗಳ ಅಕ್ಷರದಲ್ಲಿ ‘ಐ’ ಬಿಟ್ಟಿದ್ದಾರೆ, 1 ಅಂತ ಓದಿಬಿಡುತ್ತಾರೆ ಅಂತ ಇರಬೇಕು. ಷೆವ್ರೊಲೆಯವರು ಬಿಟ್ಟಿಲ್ಲ, ಅಲ್ಲಿ ಐ ಅಂದ್ರೆ ಸೆಪ್ಟೆಂಬರ್.

ನಿಧಾನಿ:
ಬ್ಲಾಕ್ ಮೇಲೆ ಗಾಡಿಯ ನಂಬರ್‌ನ ತುಂಡೂ ಹೊಡೆದಿರುತ್ತಾರೆ. 19ಎನ್ ಅಂತ ಶುರುವಾದರೆ ಷೆವ್ರೊಲೆ, 9ರಲ್ಲಿ ಮುಗಿಯುವ ಇಸವಿ, ನಾರ್ವುಡ್ ಕಾರ್ಖಾನೆ. ಅಲ್ಲೂ ಅದೇ ಕಷ್ಟ, ಒಂದೇ ಅಂಕಿ. 17 ಅಕ್ಷರದ ನಂಬರ್ ಬಂದದ್ದೇ 1981ರಲ್ಲಿ.

ಇನ್ನೊಂದು ಮಾತು. ಆ ಸಪಾಟು ಜಾಗದಲ್ಲಿ ಹಿಂದೆ ಮುಂದೆ ಹೋಗುವ ಸಣ್ಣ ನೇರ ಗೆರೆಗಳಿರಬೇಕು, ಕಾರ್ಖಾನೆಯ ಮಷಿನ್ ಬಿಟ್ಟದ್ದು. ಕನ್ನಡಿ ಥರ ನುಣ್ಣಗಿದ್ದರೆ ಯಾರೋ ಬ್ಲಾಕ್‌ನ ಮೇಲ್ಮೈ ಮಟ್ಟ ಮಾಡಿಸಿದ್ದಾರೆ, ಹಳೇ ನಂಬರ್ ಅಳಿಸಿಹೋಗಿದೆ ಅಂತ. ನುಣ್ಣಗಿದ್ದೂ ನಂಬರ್ ಹೊಸದಾಗಿ ಹೊಳೆಯುತ್ತಿದ್ದರೆ ಆಮೇಲೆ ಹೊಡೆದಿದ್ದಾರೆ ಅಂತಲೇ ಲೆಕ್ಕ. ಹೆಡ್ಡು, ವಾಲ್ವ್ ಕವರ್ ನೋಡಿ ಇಸವಿ ಹೇಳುವವರ ಮಾತಿಗೆ ಕಿವಿಗೊಡಬೇಡಿ, ಅವು ಎಷ್ಟು ಸಲ ಬದಲಾಗಿವೆಯೋ.

ಹಳೇಗಾಡಿ:
ಸೀಮೆಸುಣ್ಣ ಕೆಲಸ ಮಾಡಿತು. ಗೆರೆಗಳು ಸರಿಯಾಗಿಯೇ ಇವೆ. ವಿ0402, ಆಮೇಲೆ ಅಕ್ಷರ... ಮೂರು. ಎರಡು ಸಲ ಎಣಿಸಿದೆ, ಬ್ಯಾಟರಿ ಬೆಳಕು ಬಿಟ್ಟು ಇನ್ನೊಂದು ಸಲ ಎಣಿಸಿದೆ. ಮೂರೇ.

ಗ್ರೀಸ್‌ಕೈ:
ಹಾಗಾದರೆ ಮಾರ್ಚ್ 14ಕ್ಕೆ ಎರಕ, ಏಪ್ರಿಲ್ 2ಕ್ಕೆ ಜೋಡಣೆ, 1979. ತಾರೀಖುಗಳು ಒಂದಕ್ಕೊಂದು ಹೊಂದುತ್ತವೆ, ಯಾರೂ ಕೈಯಾಡಿಸಿಲ್ಲ. 69ರ ಬೆಲೆ ಕೊಟ್ಟಿಲ್ಲ ತಾನೇ?

ಹಳೇಗಾಡಿ:
ಅದನ್ನು ಕೇಳಬೇಡಿ.