ಹತ್ತುಮೀನಿನ ದಿನಗಳಲ್ಲಿ ಹೊಳೆಗೆ ರಜೆ ಕೊಡಿ ಅಂತ ಗ್ರಾಮಸಭೆಗೆ ಹೇಗೆ ಬರೆಯಲಿ?

ಹೊಳೆದಂಡೆ, ಸಕಲೇಶಪುರ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೇಮಾವತಿ ಹೊಳೆ ಪಕ್ಕದ ಊರು. ಮೂರು ಎಕರೆ ಕಾಫಿ, ಒಂದಿಷ್ಟು ಗದ್ದೆ ಇದೆ. ಮುಂದಿನ ತಿಂಗಳ ಗ್ರಾಮಸಭೆಯಲ್ಲಿ ಹೊಳೆಗೆ ಗಾಳ ಹಾಕುವ ವಿಷಯ ಚರ್ಚೆಗೆ ಬರುತ್ತಿದೆ. ಶನಿವಾರ, ಭಾನುವಾರ ಹೋಂಸ್ಟೇಗೆ ಬರುವವರು ಗಾಳದ ರಾಡು ಹಿಡಿದು ನೀರಿಗೆ ಇಳಿಯುತ್ತಾರೆ. ಅದಕ್ಕೆ ಏನು ನಿಯಮ ಬೇಕು ಅಂತ ಊರವರು ಬರೆದು ಕೊಡಿ ಅಂದಿದ್ದಾರೆ. ಇಲ್ಲಿಯವರೆಗೆ ಕೇಳಿದ ಮಾತೆಲ್ಲ ಹೊರಗಿನವರ ಮೇಲೆಯೇ. ದಿನಕ್ಕೆ ಇಷ್ಟು ಅಂತ ದುಡ್ಡು ಕಟ್ಟಿಸಿಕೊಳ್ಳಿ ಅಂತ ಒಬ್ಬರು, ಪೂರ್ತಿ ನಿಲ್ಲಿಸಿ ಅಂತ ಇನ್ನೊಬ್ಬರು.

ನನ್ನ ಸಂಕಟ ಬೇರೆ. ನಾನು ಹುಡುಗನಾಗಿದ್ದಾಗ ಮೊದಲ ಜೋರು ಮಳೆ ಬಿದ್ದ ರಾತ್ರಿ ಅಪ್ಪ ನನ್ನನ್ನು ಎಬ್ಬಿಸುತ್ತಿದ್ದರು. ಹೊಳೆ ಕೆಂಪಾಗಿ ಏರುತ್ತಿತ್ತು. ಮೀನು ಹೊಳೆಯಿಂದ ಹಳ್ಳ ಹತ್ತಿ, ಹಳ್ಳದಿಂದ ಗದ್ದೆಗೆ ನುಗ್ಗುತ್ತಿದ್ದವು. ಇದಕ್ಕೇ ನಮ್ಮಲ್ಲಿ ಹತ್ತುಮೀನು ಅನ್ನೋದು. ಬದುವಿನ ಕಂಡಿಗೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಕೂಣಿ, ಒಡ್ಡಿ, ಟಾರ್ಚು ಬಿಟ್ಟುಕೊಂಡು ಕಾಯುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ಗೋಣಿಚೀಲ ಅರ್ಧ ತುಂಬುತ್ತಿತ್ತು. ಅಮ್ಮ ಸೀಳಿದರೆ ಒಳಗೆ ಬರೀ ಮೊಟ್ಟೆ. ಅದನ್ನು ಬೇರೆ ತೆಗೆದಿಟ್ಟು, ಖಾರ ಹಾಕಿ ಹುರಿದು ಕೊಡುತ್ತಿದ್ದರು. ಆ ರುಚಿ ಇನ್ನೂ ನೆನಪಿದೆ.

ಹೋದ ವರ್ಷ ಅದೇ ಕಂಡಿಯಲ್ಲಿ ಮಗನ ಜೊತೆ ಎರಡು ರಾತ್ರಿ ಕೂತೆ. ಸಿಕ್ಕಿದ್ದು ಏಳು ಮೀನು. ಗೇಣುದ್ದವೂ ಇರಲಿಲ್ಲ. ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ಮಗ, ‘ಅಪ್ಪ, ಇವನ್ನ ಬಿಟ್ಟುಬಿಡೋಣ’ ಅಂದ. ಬಿಟ್ಟೆವು. ಅವನ ಎದುರು ನನಗೆ ಏನೂ ಹೇಳಲು ಆಗಲಿಲ್ಲ.

ರಾಡಿನವರು ಜಾಸ್ತಿ ಬರೋದು ಬೇಸಿಗೆಯಲ್ಲಿ, ನೀರು ತಿಳಿ ಇದ್ದಾಗ. ಅವರಿಗೆ ಎಷ್ಟೇ ನಿಯಮ ಹಾಕಿದರೂ, ಜೂನ್‌ನಲ್ಲಿ ನಾವೇ ಬಸುರಿ ಮೀನು ಬಾಚಿದರೆ ಹೊಳೆಯಲ್ಲಿ ಏನು ಉಳಿಯುತ್ತೆ? ಮಳೆಗಾಲದ ಮೊದಲ ದಿನಗಳಲ್ಲಿ ಗಾಳ, ಬಲೆ, ಕೂಣಿ ಯಾವುದೂ ಬೇಡ, ಊರವರಿಗೂ ಬೇಡ ಅಂತ ಬರೆಯಬೇಕು ಅಂತಿದ್ದೇನೆ. ಹೇಗೆ ಬರೆದರೆ ಅದಕ್ಕೆ ಬೆಲೆ ಬರುತ್ತೆ? ಊರಲ್ಲಿ ಮನಸ್ತಾಪ ಆಗದ ಹಾಗೆ ಹೇಳೋಕೆ ಆಗುತ್ತಾ?

ನಿವೃತ್ತ ಗುಮಾಸ್ತ, ಹಾಸನ:

ನಾನು ಪಂಚಾಯಿತಿ ಕಚೇರಿಗಳಲ್ಲಿ ಕೆಲಸ ಮಾಡಿದವನು. ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹೊಳೆಯಲ್ಲಿ ಮೀನು ಹಿಡಿಯೋದಕ್ಕೆ ಕಾನೂನಿನ ತಡೆ ಹಾಕುವುದು ಗ್ರಾಮಸಭೆಯ ಕೈಯಲ್ಲಿಲ್ಲ. ಅದು ಸರ್ಕಾರದ ಕೆಲಸ, ಮೀನುಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಒಳನಾಡು ಮೀನುಗಾರಿಕೆಗೆ ಅಂತಲೇ ರಾಜ್ಯದ 1996ರ ಕಾಯ್ದೆ ಇದೆ. ತೋಟೆ ಸಿಡಿಸೋದು, ನೀರಿಗೆ ವಿಷ ಹಾಕೋದು ಅಂತೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಅದನ್ನು ಹೊಸದಾಗಿ ಕೇಳಬೇಕಿಲ್ಲ. ಕಾವಲು ಕೇಳಿ.

ಹಾಗಂತ ಗ್ರಾಮಸಭೆ ಸುಮ್ನೆ ಅಲ್ಲ. ನಿರ್ಣಯ ಮಾಡಿ ಇಲಾಖೆಗೆ ಕಳಿಸಿದರೆ ಅದು ಕಡತಕ್ಕೆ ಸೇರುತ್ತದೆ. ಇನ್ನೊಂದು ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಮೀನಿನ ದಾಖಲಾತಿ ಮಾಡೋದು ಅದರ ಕೆಲಸ. ನಿಮ್ಮ ಹಳ್ಳಕ್ಕೆ ಯಾವ ಮೀನು ಯಾವ ತಿಂಗಳು ಹತ್ತುತ್ತೆ ಅನ್ನೋದನ್ನು ಅದರಲ್ಲಿ ಬರೆಸಿ. ಇದೇ ಕಾಯ್ದೆಯಲ್ಲೇ ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನ್ ಗಿರಿ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು.

ಅರ್ಜಿಯಲ್ಲಿ ‘ಹೊಳೆ ಉಳಿಸಿ’ ಅಂತ ಮಾತ್ರ ಬರೆದರೆ ಅದು ಅಲ್ಲಿಗೇ ನಿಲ್ಲುತ್ತೆ. ಯಾವ ಸೇತುವೆಯಿಂದ ಯಾವ ಹಳ್ಳ ಸೇರುವ ಜಾಗದವರೆಗೆ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಯಾವ ಯಾವ ಸಾಧನ ಬೇಡ, ಇಷ್ಟನ್ನೂ ಬಿಡಿಸಿ ಬರೆಯಿರಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬಂದಿದೆಯಾ ಅಂತ ಓದಿಸಿಕೊಂಡು ಸಹಿ ಹಾಕಿ. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದು ಮರೀಬೇಡಿ.

ದೂರದ ಹಾಸನದವ:

ನಾನು ಎಂಟು ವರ್ಷ ಇಂಗ್ಲೆಂಡಿನಲ್ಲಿದ್ದೆ. ಗಾಳದ ಹುಚ್ಚು ಹತ್ತಿದ್ದು ಅಲ್ಲೇ. ಅಲ್ಲಿ ಹದಿಮೂರು ವರ್ಷ ದಾಟಿದವರು ಗಾಳ ಹಾಕಲು ಪರವಾನಗಿ ಇಟ್ಟುಕೊಳ್ಳಬೇಕು. ಟ್ರೌಟ್, ಸಾಲ್ಮನ್‌ಗೆ ಬೇರೆ ಲೆಕ್ಕ. ಉಳಿದ ಸಾಮಾನ್ಯ ಮೀನುಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಗಾಳ ಬಂದ್. ಅವು ಮೊಟ್ಟೆ ಇಡುವ ಕಾಲ ಅದು. ಮನೆಗೆ ಒಯ್ಯಲೂ ಮಿತಿ ಇದೆ. ದಿನಕ್ಕೆ 20 ಸೆಂಟಿಮೀಟರ್ ಒಳಗಿನ ಸಣ್ಣ ಮೀನು ಹದಿನೈದು, 65 ಸೆಂಟಿಮೀಟರ್ ಒಳಗಿನ ಪೈಕ್ ಒಂದೇ ಒಂದು. ಗಮನಿಸಿ, ದೊಡ್ಡದನ್ನು ಬಿಡಬೇಕು. ಯಾಕೆಂದರೆ ಮೊಟ್ಟೆ ಜಾಸ್ತಿ ಇಡುವುದು ದೊಡ್ಡ ತಾಯಿ ಮೀನು. ನಮ್ಮಲ್ಲಿ ದೊಡ್ಡ ಮೀನು ಹಿಡಿದವನಿಗೇ ಫೋಟೋ, ಹೊಗಳಿಕೆ ಎಲ್ಲ.

2019ರಲ್ಲಿ ಈ ಮೂರು ತಿಂಗಳ ತಡೆ ಬೇಕೋ ಬೇಡವೋ ಅಂತ ಅಲ್ಲಿ ಜನರನ್ನೇ ಕೇಳಿದರು. ಬಹಳ ಜಗಳ ಆಯಿತು. ನಾನೂ ಬರೆದೆ. ಕಾನೂನು ಏನೂ ಗೊತ್ತಿರಲಿಲ್ಲ. ನಾನು ಕೂರುತ್ತಿದ್ದ ಜಾಗದಲ್ಲಿ ಮೇ ಕೊನೆಗೆ ಮೀನು ಗುಂಪಾಗಿ ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಇಡೋದನ್ನು ಕಂಡಿದ್ದೆ, ಅದನ್ನಷ್ಟೇ ಬರೆದೆ. ಕೊನೆಗೆ ನದಿಗಳ ತಡೆಯನ್ನು ಹಾಗೇ ಉಳಿಸಿಕೊಂಡರು. ನೀವೂ ಆ ಏಳು ಮೀನಿನ ಕಥೆಯನ್ನೇ ಮೊದಲು ಬರೆಯಿರಿ, ಸರ್.

ಗಾಳದ ಹುಡುಗ:

ನಾನು ನೀವು ಹೇಳಿದ ರಾಡಿನವರ ಪೈಕಿ ಒಬ್ಬ. ಜೂನ್, ಜುಲೈ ಬಂದ್ ಮಾಡಿದರೆ ನಮ್ಮ ತಕರಾರು ಇಲ್ಲ ಅಣ್ಣ. ಪೂರ್ತಿ ನಿಲ್ಲಿಸಿ ಅಂತ ಮಾತ್ರ ಬರೀಬೇಡಿ. ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಗಾಳದ ಕ್ಯಾಂಪ್ ಇದ್ದಾಗ ಹಿಡಿದ ಬಿಳಿಮೀನನ್ನು, ಅಂದರೆ ಮಹಶೀರ್ ಅನ್ನು, ಮತ್ತೆ ಕಾವೇರಿಗೇ ಬಿಡುತ್ತಿದ್ದರು. ಊರಿನವರೇ ಅಲ್ಲಿ ಕೆಲಸಕ್ಕಿದ್ದರು. ದಿನವಿಡೀ ಹೊಳೆ ಬದಿ ಜನ ಕೂತಿದ್ದರೆ ತೋಟೆ ಹಾಕುವವರು ಹತ್ತಿರ ಬರೋದಿಲ್ಲ.

ಆದರೆ ‘ಹಿಡಿದು ಬಿಡ್ತೀವಿ’ ಅಂದ ಮಾತ್ರಕ್ಕೆ ಮೀನು ಬದುಕೋದಿಲ್ಲ. ಇದು ನಮ್ಮವರಿಗೇ ಗೊತ್ತಿಲ್ಲ. ಗಾಳದ ಮುಳ್ಳಿನ ಹಿಂಗೊಕ್ಕೆಯನ್ನು, ಅಂದರೆ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಸಣ್ಣ ಕೊಕ್ಕೆಯನ್ನು, ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಬೇಕು. ಕೈ ಒದ್ದೆ ಇರಬೇಕು, ಒಣಗಿದ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತೆ, ಆಮೇಲೆ ಹುಣ್ಣಾಗುತ್ತೆ. ಫೋಟೋಕ್ಕೆ ಅಂತ ದಡದ ಮೇಲೆ ಮಲಗಿಸಬಾರದು. ಬಿಡುವಾಗ ಎಸೀಬಾರದು. ಹರಿವಿಗೆ ಮುಖ ಮಾಡಿ, ಅದೇ ಬಾಲ ಬೀಸಿ ಹೋಗುವವರೆಗೆ ಹಿಡಿದಿರಬೇಕು. ಏಪ್ರಿಲ್ ಮಧ್ಯಾಹ್ನ ನೀರು ಕಾದು ಉಸಿರೇ ಕಡಿಮೆ ಇರುತ್ತೆ, ಆಗ ಹಿಡಿದ ಮೀನು ಬಿಟ್ಟರೂ ಸಾಯಬಹುದು. ಬೇಸಿಗೆಯಲ್ಲಿ ಬೆಳಗ್ಗೆ ಮಾತ್ರ ಅಂತ ಬೇಕಾದರೆ ಬರೆಯಿರಿ. ತುಂಡಾದ ಪ್ಲಾಸ್ಟಿಕ್ ದಾರ ಬಿಟ್ಟು ಹೋದವರಿಗೆ ದಂಡ ಹಾಕಿ ಅಂತಲೂ ಸೇರಿಸಿ. ಅದು ನೀರುನಾಯಿ ಕಾಲಿಗೆ ಸುತ್ತಿಕೊಳ್ಳುತ್ತೆ.

ಇನ್ನೊಂದು ಮಾತು. ಮೀನು ಕಡಿಮೆ ಆಯ್ತು ಅಂತ ಹೊರಗಿನ ಮರಿ ತಂದು ಬಿಡಿ ಅಂತ ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಇದೆ. ಅದರ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಒಳ್ಳೆಯದಾಗಲಿ ಅಂತ ಅದೇ ನದಿಗೆ ಬೇರೆ ಜಾತಿಯ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಟ್ಟಿದ್ದರು. ಈಗ ಅದೇ ಜಾಸ್ತಿ.

ಅರಕಲಗೂಡಿನ ಅಕ್ಕ:

ಮನಸ್ತಾಪದ ವಿಷಯ ಕೇಳಿದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿ ಹತ್ತಿರ ಮೀನಿಗೆ ಯಾರೂ ಕೈ ಹಾಕೋದಿಲ್ಲ. ನನ್ನ ಮಕ್ಕಳು ಪುರಿ ಎಸೆದರೆ ತೊಡೆಗಾತ್ರದ ಮೀನು ಮೇಲೆ ಬರುತ್ತವೆ. ಶೃಂಗೇರಿಯಲ್ಲೂ ತುಂಗೆಯ ಮೆಟ್ಟಿಲ ಹತ್ತಿರ ಹಾಗೇ. ಮೀನು ತಿನ್ನುವ ಮನೆಯವರೂ ಅಲ್ಲಿ ಗಾಳ ಹಾಕುವುದಿಲ್ಲ. ನಮ್ಮ ಅತ್ತೆ ಊಟಕ್ಕೆ ಮೀನಿಲ್ಲದೆ ಕೂರದವರು, ಅವರೂ ಅಷ್ಟೇ. ಪೂರ್ತಿ ಹೊಳೆ ಬಿಡಿ ಅಂದರೆ ಜನ ರೇಗುತ್ತಾರೆ. ಒಂದು ಮಡು, ಒಂದು ಹಳ್ಳ ಅಂತ ಮೊದಲು ಕೇಳಿ ಅಣ್ಣ. ಗ್ರಾಮಸಭೆಗೆ ಹೆಂಗಸರನ್ನೂ ಕರೆಯಿರಿ. ಮೀನು ಸೀಳಿ ಮೊಟ್ಟೆ ನೋಡುವವರು ನಾವು ತಾನೇ.

ಮೂಡಿಗೆರೆ ತೋಟ:

ಹೇಮಾವತಿ ಹುಟ್ಟೋದು ನಮ್ಮ ತಾಲ್ಲೂಕಿನಲ್ಲಿ. ಮೇಲಿನವರಾಗಿ ಒಂದು ಮಾತು ಹೇಳಲೇಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ಪಲ್ಪರ್ ನೀರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರು, ಹಳ್ಳಕ್ಕೆ ಬಿಟ್ಟರೆ ಅದು ಹುಳಿ ಬಂದು ನೀರಿನ ಗಾಳಿಯನ್ನೆಲ್ಲ ತಿಂದುಬಿಡುತ್ತೆ. ಕೆಳಗೆ ಮೀನು ಬಾಯಿ ಬಿಡುತ್ತವೆ. ನಾನೂ ಒಂದು ಕಾಲದಲ್ಲಿ ಬಿಟ್ಟಿದ್ದೇನೆ. ಈಗ ಗುಂಡಿ ಮಾಡಿಸಿ, ಸುಣ್ಣ ಹಾಕಿ ನಿಲ್ಲಿಸುತ್ತೇನೆ. ನಿಮ್ಮ ಅರ್ಜಿಯಲ್ಲಿ ಇದೂ ಇರಲಿ. ಗಾಳದವನನ್ನು ಮಾತ್ರ ಕೇಳಿ ನಮ್ಮನ್ನು ಬಿಟ್ಟರೆ ತಪ್ಪಾಗುತ್ತೆ.

ಹೊಳೆದಂಡೆ, ಸಕಲೇಶಪುರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬರೆದೆ. ಏಳು ಮೀನಿನ ಕಥೆಯಿಂದಲೇ ಶುರು ಮಾಡಿದೆ. ಅಕ್ಕ ಹೇಳಿದ ಹಾಗೆ ಪೂರ್ತಿ ಹೊಳೆ ಕೇಳಲಿಲ್ಲ. ನಮ್ಮ ಹಳ್ಳ, ಅದು ಹೊಳೆ ಸೇರುವ ಜಾಗ, ಅದರ ಕೆಳಗಿನ ಮಡು, ಇಷ್ಟೇ. ಜೂನ್ 1ರಿಂದ ನಲವತ್ತೈದು ದಿನ. ಮುಳ್ಳಿನ ಹಿಂಗೊಕ್ಕೆ, ದಾರದ ವಿಷಯ ಬರೆದೆ. ಪಲ್ಪರ್ ನೀರಿನದೂ ಬರೆದೆ, ಅದಕ್ಕೆ ಮೊದಲು ನಮ್ಮದೇ ಗುಂಡಿ ಸರಿ ಮಾಡಿಸಬೇಕು.

ಬೆಳಗ್ಗೆ ಪಕ್ಕದ ಗದ್ದೆ ಚಿಕ್ಕಪ್ಪನಿಗೆ ಓದಿ ಹೇಳಿದೆ. ಕೂಣಿ ನೇಯೋದನ್ನು ನನಗೆ ಕಲಿಸಿದ್ದೇ ಅವರು. ರಾಡಿನವರ ಮಾತು ಬಂದಾಗೆಲ್ಲ ತಲೆ ಆಡಿಸಿದರು. ಮೊದಲ ಮಳೆಗೆ ನಮ್ಮ ಕಂಡಿಗೂ ಕೂಣಿ ಬೇಡ ಅಂದಾಗ ಸುಮ್ಮನಾದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಎಷ್ಟು ದಿನ ಅಂದೆ?’ ಅಂತ ಕೇಳಿದರು. ನಲವತ್ತೈದು ಅಂದೆ. ‘ನಾಳೆ ಸಂಜೆ ಬಾ, ಇನ್ನೊಂದು ಸಲ ಓದು’ ಅಂದರು. ಹೋಗುತ್ತೇನೆ.