ಒಬ್ಬರೇ ಇರುವ ತಾಯಿಯವರ ಮನೆಗೆ ಮೊದಲು ಯಾವ ಸಾಧನ ಬೇಕು?

ಪ್ರಶ್ನೆ:
ನಮ್ಮ ತಾಯಿಯವರಿಗೆ 78 ವರ್ಷ. ಒಬ್ಬರೇ ಇದ್ದಾರೆ, ಹಾಗೆಯೇ ಇರಬೇಕೆಂಬುದು ಅವರ ಹಟವೂ ಹೌದು. ಮಂಡಿನೋವಿದೆ, ರಾತ್ರಿ ಶೌಚಕ್ಕೆ ಏಳುತ್ತಾರೆ, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಆಗಾಗ ಗೊಂದಲಕ್ಕೊಳಗಾಗುತ್ತಾರೆ. ಬಿದ್ದರೆ ತಾನಾಗಿಯೇ ಕರೆ ಹೋಗುವ ಸ್ಮಾರ್ಟ್‌ವಾಚ್ ಕೊಡಿಸಬೇಕೆಂದಿದ್ದೇನೆ. ಕ್ಯಾಮೆರಾ ಹಾಕಿಸಿ ಎಂದು ಕೆಲವರು ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ?

ಉತ್ತರ 1:
ವಾಚ್ ಉಪಯೋಗಕ್ಕೆ ಬರುವುದು ಬಿದ್ದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ 65 ದಾಟಿದವರಲ್ಲಿ ಶೇ. 28ರಿಂದ 35ರಷ್ಟು ಮಂದಿ ಪ್ರತಿ ವರ್ಷ ಬೀಳುತ್ತಾರೆ. ಆದ್ದರಿಂದ ಬೀಳದಂತೆ ನೋಡಿಕೊಳ್ಳುವ ಏರ್ಪಾಡು ಮೊದಲು ಆಗಲಿ. ಕಮೋಡಿನ ಪಕ್ಕದಲ್ಲಿಯೂ ಸ್ನಾನದ ಜಾಗದಲ್ಲಿಯೂ ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಹಿಡಿಕಂಬಿ ಇರಬೇಕು. ಟವೆಲ್ ಹಾಕುವ ಸರಳು ಮೈಭಾರವನ್ನು ತಡೆಯುವುದಿಲ್ಲ, ಆದರೂ ಆಯತಪ್ಪಿದಾಗ ಕೈ ಹೋಗುವುದು ಅದರ ಮೇಲೆಯೇ. ಎತ್ತರವನ್ನು ಕೆಲಸಗಾರರ ಅಂದಾಜಿಗೆ ಬಿಡದೆ, ತಾಯಿಯವರನ್ನು ಅಲ್ಲಿ ಕೂರಿಸಿ, ಏಳುವಾಗ ಅವರ ಕೈ ಎಲ್ಲಿಗೆ ಚಾಚುತ್ತದೆಯೋ ಅಲ್ಲಿ ಗುರುತು ಮಾಡಿ. ಹಾಸಿಗೆಯಿಂದ ಶೌಚಾಲಯದವರೆಗೆ, ಚಲನೆಯನ್ನು ಗ್ರಹಿಸಿ ಹೊತ್ತಿಕೊಳ್ಳುವ ಸಣ್ಣ ದೀಪಗಳನ್ನು, ಕಣ್ಣಿಗೆ ಚುಚ್ಚದಂತೆ ನೆಲದ ಸಮೀಪದಲ್ಲಿ ಅಳವಡಿಸಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ವಾಚಿನ ಬಗ್ಗೆ ಒಂದು ಎಚ್ಚರಿಕೆ: ಅದು ಹಠಾತ್ ಚಲನೆ ಮತ್ತು ಹೊಡೆತದಿಂದ ಬೀಳುವಿಕೆಯನ್ನು ಗುರುತಿಸುವುದರಿಂದ, ಕುರ್ಚಿಯಿಂದ ಮೆಲ್ಲಗೆ ಜಾರಿ ಕುಸಿದವರನ್ನು ಗಮನಿಸದೆಯೂ ಇರಬಹುದು. ಮೇಲಾಗಿ ರಾತ್ರಿ ಚಾರ್ಜಿಗಿಟ್ಟು ಮಲಗಿದರೆ, ಕತ್ತಲಲ್ಲಿ ಎದ್ದಾಗ ಅದು ಕೈಯಲ್ಲಿ ಇರುವುದೇ ಇಲ್ಲ. ನೀರಿಗೆ ಕೆಡದ, ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಯನ್ನೂ ನೋಡಿ. ಸ್ನಾನದ ಮನೆಯಲ್ಲಿ ಎಳೆದರೆ ಕರೆಗಂಟೆ ಬಾರಿಸುವ ಹಗ್ಗ ಹಾಕಿಸುವುದಾದರೆ ಅದು ನೆಲದ ಹತ್ತಿರದವರೆಗೆ ಇಳಿದಿರಬೇಕು. ಒರೆಸುವಾಗ ಅಡ್ಡವೆಂದು ಮೇಲೆ ಗಂಟುಹಾಕಿಬಿಟ್ಟರೆ ಬಿದ್ದವರಿಗೆ ಅದು ಎಟುಕುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮಾತ್ರೆ ಮತ್ತು ಕ್ಯಾಮೆರಾದ ವಿಚಾರ?

ಉತ್ತರ 3:
ವಾರದ ಖಾನೆಗಳಿರುವ ಡಬ್ಬಿಯೇ ಎಷ್ಟೋ ಮಂದಿಗೆ ಸಾಕು, ಖಾನೆ ಬರಿದಾಗಿದ್ದರೆ ನುಂಗಿದ್ದಾರೆಂದು ತಿಳಿಯುತ್ತದೆ. ಮರೆತು ಎರಡೆರಡು ಬಾರಿ ನುಂಗುವಂತಾದರೆ ಮಾತ್ರ ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳುವ, ಬೀಗವಿರುವ ಯಂತ್ರ ತನ್ನಿ; ಅದನ್ನು ತುಂಬಿಸುವವರು ಯಾರೆಂಬುದು ಮೊದಲೇ ನಿರ್ಧಾರವಾಗಿರಲಿ. ಕ್ಯಾಮೆರಾ ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಅಡುಗೆಮನೆಯ ಬಾಗಿಲು ತೆರೆಯದಿದ್ದರೆ ನಿಮ್ಮ ಫೋನಿಗೆ ಸೂಚನೆ ಕಳುಹಿಸುವಂತೆ ಬಾಗಿಲಿನ ಸೆನ್ಸರನ್ನು ಹೊಂದಿಸಬಹುದು, ಚಿತ್ರ ತೆಗೆಯುವ ಅಗತ್ಯವೇ ಬರುವುದಿಲ್ಲ. ಏನೇ ಇದ್ದರೂ ತಾಯಿಯವರನ್ನು ಕೇಳಿಯೇ ಹಾಕಿಸಿ. ಅವರಿಗೆ ಹಿಡಿಸದ ಸಾಧನ ಒಂದು ವಾರದೊಳಗೆ ಕಪಾಟು ಸೇರುತ್ತದೆ.